ನಾಲ್ಕು ಆಯಾಮದ ಗ್ರಿಡ್‌ನಲ್ಲಿ ಅಂಚು ಎಣಿಸೋದು ಹೇಗೆ

ನಾಲ್ಕು ಆಯಾಮದ ಕ್ಯೂಬ್ ಗ್ರಿಡ್‌ನಲ್ಲಿ (ಪುಟ್ಟ ಕ್ಯೂಬ್‌ಗಳನ್ನ ಒತ್ತಾಗಿ ಜೋಡಿಸಿ ಮಾಡಿದ ದೊಡ್ಡ ಕ್ಯೂಬ್‌ನಲ್ಲಿ) ಎಷ್ಟು ಅಂಚು ಇರ್ತವೆ ಅಂದ್ರೆ ತುಂಬಾ ಜನ ಮೊದ್ಲು ಅದರ ಚಿತ್ರ ಕಣ್ಮುಂದೆ ತಂದ್ಕೊಳ್ಳೋಕೆ ನೋಡ್ತಾರೆ, ಅದು ಬರಲ್ಲ, ಅಲ್ಲಿಗೇ ಕೈಬಿಡ್ತಾರೆ. ಚಿತ್ರದ ಅವಶ್ಯಕತೆನೇ ಇಲ್ಲ, ಕ್ಯೂಬ್ ಎಣಿಸೋದು ಬಿಟ್ಟು ಗೆರೆ ಎಣಿಸಿ ಸಾಕು.

ಶುರು ಮಾಡೋಕ್ ಮುಂಚೆ ಒಂದು ವಿಷ್ಯ ಗಟ್ಟಿ ಮಾಡ್ಕೊಳ್ಳಿ: ಇಲ್ಲಿ ಎನ್ ಅಂದ್ರೆ ಒಂದು ಸೈಡಲ್ಲಿರೋ ಪುಟ್ಟ ಕ್ಯೂಬ್‌ಗಳ ಸಂಖ್ಯೆ. ಎನ್ ಕ್ಯೂಬ್ ಸಾಲಾಗಿಟ್ರೆ ಆ ಸೈಡಿನ ಗೆರೆ ಮೇಲೆ ಮೂಲೆ ಬಿಂದು ಎನ್+1 ಆಗ್ತವೆ, ಇದನ್ನ ಅದಲುಬದಲು ಮಾಡ್ಕೊಂಡ್ರೆ ಕೊನೆಗೆ ಬರೋ ಉತ್ತರಗಳ ಇಡೀ ಸರಣಿ ಒಂದು ಸ್ಥಾನ ಜರುಗಿಬಿಡುತ್ತೆ.

ಈಗ ಮೂರು ಆಯಾಮದಲ್ಲಿ 2×2×2 ತಗೊಳ್ಳಿ. ಪುಟ್ಟ ಕ್ಯೂಬ್ 8, ಒಂದಕ್ಕೆ 12 ಅಂಚು, ಗುಣಿಸಿದ್ರೆ 96 ಬರುತ್ತೆ ಆದ್ರೆ ಅದು ತಪ್ಪು, ಯಾಕಂದ್ರೆ ಒಳಗಡೆ ಇರೋ 6 ಅಂಚು ನಾಲ್ಕ್ನಾಲ್ಕು ಸಲ ಎಣಿಕೆಗೆ ಬಂದಿವೆ, ಹೊರ ಮುಖಗಳ ಮಧ್ಯದಲ್ಲಿ ಹಾದುಹೋಗೋ 24 ಎರಡೆರಡು ಸಲ, ದೊಡ್ಡ ಕ್ಯೂಬಿನ ಅಂಚಿನ ಮೇಲಿರೋ 24 ಮಾತ್ರ ಒಂದೊಂದೇ ಸಲ. ನಿಜವಾದ ಲೆಕ್ಕ 6+24+24, ಅಂದ್ರೆ 54. ಇದೇ ಥರ ನಾಲ್ಕು ಆಯಾಮದಲ್ಲಿ ಮಾಡೋಕೆ ಹೋದ್ರೆ ತಲೆ ಕೆಡುತ್ತೆ.

ಅದರ ಬದಲು ಒಂದು ದಿಕ್ಕು ಹಿಡ್ಕೊಳ್ಳಿ, ಮೇಲಿಂದ ಕೆಳಗೆ ಅಂತಿಟ್ಕೊಳ್ಳಿ. ಮೇಲಿಂದ ನೋಡಿದ್ರೆ 3×3 ಬಿಂದು ಕಾಣುತ್ತೆ, ಪ್ರತಿ ಬಿಂದುವಿಂದ ಒಂದು ಗೆರೆ ಕೆಳಗಿಳಿಯುತ್ತೆ, ಪ್ರತಿ ಗೆರೆಯಲ್ಲಿ 2 ಅಂಚು, ಒಟ್ಟು 18. ಇಂಥ ದಿಕ್ಕು ಮೂರು, ಅಲ್ಲಿಗೆ 54 ಬಂತು, ಯಾವುದೂ ಎರಡು ಸಲ ಎಣಿಸಿಲ್ಲ.

ಡಿ ಆಯಾಮ ಇದ್ರೂ ಅಷ್ಟೇ. ದಿಕ್ಕು ಡಿ, ಒಂದೊಂದು ದಿಕ್ಕಲ್ಲಿ (ಎನ್+1)^(ಡಿ−1) ಗೆರೆ, ಪ್ರತಿ ಗೆರೆಯಲ್ಲಿ ಎನ್ ಅಂಚು:

ಡಿ × ಎನ್ × (ಎನ್+1)^(ಡಿ−1)

ಡಿ=4 ಹಾಕಿ ಎನ್‌ಗೆ 1, 2, 3, 4 ಕೊಡ್ತಾ ಹೋದ್ರೆ 32, 216, 768, 2000. ಎನ್=1 ಇಟ್ಟು ಆಯಾಮ ಏರಿಸ್ತಾ ಹೋದ್ರೆ 1, 4, 12, 32, 80, 192, ಇದು ಹೈಪರ್‌ಕ್ಯೂಬ್‌ನ (ಯಾವುದೇ ಆಯಾಮದ ಒಂಟಿ ಕ್ಯೂಬ್‌ನ) ಸರಣಿ. ಇದನ್ನ ಬೇರೆ ದಾರೀಲೂ ಚೆಕ್ ಮಾಡಬಹುದು: 2^ಡಿ ಮೂಲೆಗಳು, ಪ್ರತಿ ಮೂಲೆಯಿಂದ ಡಿ ಅಂಚು ಹೊರಡ್ತವೆ, ಒಂದು ಅಂಚಿಗೆ ಎರಡು ತುದಿ ಇರೋದ್ರಿಂದ ಅರ್ಧ ಮಾಡಿ. ದೊಡ್ಡ ಗ್ರಿಡ್‌ಗೆ ಈ ದಾರಿ ಅಷ್ಟು ಸಲೀಸಲ್ಲ, ಅಲ್ಲಿ ಒಳಗಿನ ಬಿಂದುವಿಂದ ಹೊರಡೋ ಅಂಚುಗಳ ಸಂಖ್ಯೆ ಬೇರೆ, ಮೂಲೆಯ ಬಿಂದುವಿನದ್ದು ಬೇರೆ.

ನಂಗೆ ಎಲ್ಲಕ್ಕಿಂತ ಇಷ್ಟ ಆಗೋದು ((ಎನ್+1) + ಎನ್·ಎಕ್ಸ್)^ಡಿ ಅನ್ನೋದನ್ನ ಬಿಡಿಸೋದು. ಎಕ್ಸ್ ಇಲ್ಲಿ ಬರೀ ಒಂದು ಗುರುತು, ಎನ್=2, ಡಿ=3 ಆದ್ರೆ ಎಕ್ಸ್‌ನ ಘಾತಗಳ ಮುಂದಿರೋ ಗುಣಾಂಕಗಳು 27, 54, 36, 8, ಅಂದ್ರೆ ಬಿಂದು, ಅಂಚು, ಚೌಕ, ಕ್ಯೂಬ್ ನಾಲ್ಕೂ ಒಟ್ಟಿಗೇ ಸಿಕ್ಕಿಬಿಡ್ತವೆ. ಎಕ್ಸ್ ಜಾಗದಲ್ಲಿ −1 ಹಾಕಿ ನೋಡಿ, 27−54+36−8 = 1 ಬರುತ್ತೆ, (ಎನ್+1)−ಎನ್ ಯಾವಾಗ್ಲೂ 1 ಆಗೋದ್ರಿಂದ ಎನ್ ಮತ್ತು ಡಿ ಎಷ್ಟೇ ಇರ್ಲಿ 1 ಬರ್ಲೇಬೇಕು, ಬರ್ಲಿಲ್ಲ ಅಂದ್ರೆ ಎಲ್ಲೋ ಕೂಡೋದು ಗುಣಿಸೋದು ಎಡವಟ್ಟಾಗಿದೆ.