ಹಳೆಯ ಎಂಜಿಬಿ: ಮೊದಲು ಸಿಲ್, ಆಮೇಲೆ ಬಣ್ಣ, ಕಡೆಗೆ ಮಾರಾಟದ ಮಾತು

ಹಳೆಯ ಸ್ಪೋರ್ಟ್ಸ್ ಕಾರನ್ನು ಮತ್ತೆ ರಸ್ತೆಗಿಳಿಸಲು ಹೊರಟವರಲ್ಲಿ ಹೆಚ್ಚಿನವರು ಎಡವುವುದು ಎರಡು ಕಡೆ. ಒಂದು, ಬಾಗಿಲಿನ ಕೆಳಗೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಹೋಗುವ ತಗಡಿನ ತೊಲೆಯನ್ನು, ಅಂದರೆ ಸಿಲ್ಲನ್ನು, ಕತ್ತರಿಸುವಾಗ. ಇನ್ನೊಂದು, ಕಾರನ್ನು ಇಟ್ಟುಕೊಳ್ಳಬೇಕೋ ಮಾರಬೇಕೋ ಎಂಬುದನ್ನು ತಪ್ಪು ಹೊತ್ತಿನಲ್ಲಿ ತೀರ್ಮಾನಿಸುವಾಗ. ಎಂಜಿನ್ ಕೈಕೊಟ್ಟಿತೆಂದು ಅರ್ಧಕ್ಕೆ ನಿಂತ ಕಾರುಗಳು ಅಪರೂಪ. ಬಿಚ್ಚಿಟ್ಟ ನಟ್ಟು ಬೋಲ್ಟುಗಳ ಡಬ್ಬಿಗಳ ನಡುವೆ, ಬಾಗಿಲು ಸರಿಯಾಗಿ ಕೂರದ ಬಾಡಿಯ ಮುಂದೆ ಕೈಚೆಲ್ಲಿ ಕುಳಿತವರನ್ನು ಮಾತ್ರ ಬೇಕಾದಷ್ಟು ನೋಡಿದ್ದೇನೆ.

ಉದಾಹರಣೆಗಾಗಿ ಇಲ್ಲಿ ಎಂಜಿಬಿ ರೋಡ್‌ಸ್ಟರ್ ಅನ್ನು, ಅಂದರೆ ಎಂಜಿ ಕಂಪನಿಯ ತೆರೆದ ಮೇಲ್ಭಾಗದ ಸ್ಪೋರ್ಟ್ಸ್ ಕಾರನ್ನು, ಆಯ್ದುಕೊಂಡಿದ್ದೇನೆ. ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಿಂದ 1962ರಿಂದ 1980ರವರೆಗೆ 5 ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ಹೊರಬಂದವು. ಬಿಡಿಭಾಗಗಳು ಈಗಲೂ ಧಾರಾಳವಾಗಿ ಸಿಗುತ್ತವೆ. ಇಡೀ ಬಾಡಿಶೆಲ್ಲನ್ನೇ ಹೊಸದಾಗಿ ತಯಾರಿಸುವ ಕೆಲಸವೂ 1988ರಲ್ಲಿ ಆರಂಭವಾಯಿತು. ಹೀಗಾಗಿ ಮೊದಲ ಸಲ ಈ ಕೆಲಸಕ್ಕೆ ಕೈಹಾಕುವವರಿಗೆ ಇದು ತಕ್ಕ ಕಾರು. ಆದರೆ ಇದೇ ಸಮೃದ್ಧಿಯಿಂದಾಗಿ ಮಾರುವಾಗ ಬೆಲೆ ಏರುವುದಿಲ್ಲ ಎಂಬುದನ್ನು ಆರಂಭದಲ್ಲೇ ತಿಳಿದಿರಬೇಕು.

ಬಿಚ್ಚುವ ಮೊದಲು

ಸ್ಪ್ಯಾನರ್ ಹಿಡಿಯುವ ಮುನ್ನ ಒಂದು ಇಡೀ ದಿನವನ್ನು ಪರೀಕ್ಷೆಗೆ ಮೀಸಲಿಡಿ. ತೆಳುವಾದ ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಡಿಯ ಕೆಳಭಾಗದ ಮೇಲೆಲ್ಲ ಆಡಿಸಿದರೆ, ತಗಡಿನ ಬದಲು ಪುಟ್ಟಿ ತುಂಬಿರುವ ಕಡೆ ಅದು ಅಂಟಿಕೊಳ್ಳುವುದಿಲ್ಲ. ಮುಂದಿನ ಚಕ್ರದ ಹಿಂಬದಿ ಹಾಗೂ ಹಿಂದಿನ ಚಕ್ರದ ಮುಂಬದಿಯಲ್ಲಿ ಕೆಸರು ಸೇರಿ ಒದ್ದೆಯಾಗಿಯೇ ಉಳಿಯುವುದರಿಂದ, ಸಿಲ್ಲಿನ ಆ ಎರಡು ತುದಿಗಳನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋಗಬೇಕು. ಗಟ್ಟಿ ತಗಡು ಟಣ್ಣೆನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡುತ್ತದೆ. ಬಳಿಕ ಸಿಲ್ಲಿನ ಕೆಳಗಿರುವ ಜಾಕಿಂಗ್ ಪಾಯಿಂಟಿಗೆ ಜಾಕ್ ಕೊಟ್ಟು ನಿಧಾನವಾಗಿ ಎತ್ತಿ, ಮುಚ್ಚಿದ ಬಾಗಿಲಿನ ಹಿಂಬದಿಯ ಸಂದನ್ನು ಗಮನಿಸಿ. ಎತ್ತುವಾಗ ಸಂದು ಹಿಗ್ಗಿದರೆ ಅಥವಾ ಕುಗ್ಗಿದರೆ ಬಾಡಿಯ ಬೆನ್ನೆಲುಬು ಹೋಗಿದೆ ಎಂದೇ ಲೆಕ್ಕ. ಜಾಕಿನ ತಲೆ ಕರಕರ ಎನ್ನುತ್ತಾ ಒಳಕ್ಕೆ ಇಳಿಯತೊಡಗಿದರೆ ಅಲ್ಲಿಗೇ ನಿಲ್ಲಿಸಿ. ಮುಂದೆ ಪರೀಕ್ಷಿಸುವಂಥದ್ದು ಏನೂ ಉಳಿದಿಲ್ಲ.

ಮಾರಾಟದ ಬಗ್ಗೆ ಮೊದಲ ತೀರ್ಮಾನವನ್ನು ತೆಗೆದುಕೊಳ್ಳಬೇಕಾದದ್ದು ಅದೇ ದಿನ ಸಂಜೆ. ಕಾರು ಇಡಿಯಾಗಿದೆ, ಯಾವ ಭಾಗ ಎಲ್ಲಿತ್ತೆಂದು ನೋಡುವವರಿಗೆ ಕಾಣುತ್ತದೆ, ಬಹುಶಃ ಎಂಜಿನ್ ಕೂಡ ಚಾಲೂ ಆಗುತ್ತದೆ. ಮುರುಕಲಾದರೂ ಇಡೀ ಕಾರಿಗೆ ಕೊಳ್ಳುವವರು ಇರುತ್ತಾರೆ. ಬಿಚ್ಚಿ ಡಬ್ಬಿಗೆ ತುಂಬಿದ ಕಾರಿಗೆ ಅದರ ಅರ್ಧ ಬೆಲೆಯೂ ಹುಟ್ಟದೆ ಇರಬಹುದು, ಏಕೆಂದರೆ ಏನೇನು ಕಳೆದುಹೋಗಿದೆ ಎಂದು ಮಾರುವವನಿಗೇ ಗೊತ್ತಿರುವುದಿಲ್ಲ. ವೆಲ್ಡಿಂಗಿನ ಖರ್ಚನ್ನು ಬರೆದಿಟ್ಟು, ಬಣ್ಣ, ಕ್ರೋಮ್ ಲೇಪನ, ಒಳಗಿನ ಹೊದಿಕೆ, ಮೇಲಿನ ಮಡಚುವ ಹುಡ್ ಇವೆಲ್ಲವನ್ನೂ ಸೇರಿಸಿ, ಬಂದ ಮೊತ್ತವನ್ನು ಚೆನ್ನಾಗಿ ದುರಸ್ತಿಯಾದ ಅದೇ ಮಾದರಿಯ ಕಾರಿನ ಮಾರುಕಟ್ಟೆ ಬೆಲೆಯೊಂದಿಗೆ ಹೋಲಿಸಿ. ಸಾಮಾನ್ಯ ಎಂಜಿಬಿಯಲ್ಲಿ ಖರ್ಚೇ ಮೇಲಾಗುವುದು ಹೆಚ್ಚು. ನಿಮ್ಮ ದುಡಿಮೆಯ ಗಂಟೆಗಳಿಗೆ ಕೂಲಿ ಹಾಕಿದರಂತೂ ಲೆಕ್ಕ ಕೂಡುವುದೇ ಇಲ್ಲ. ಇದೇ ಕಾರಿನ ದೊಡ್ಡ ಎಂಜಿನ್ನಿನ ಅಪರೂಪದ ರೂಪಗಳಾದ, ಕೇವಲ 2,591ರಷ್ಟು ತಯಾರಾದ ಎಂಜಿಬಿ ಜಿಟಿ ವಿ8 ಅಥವಾ ಸುಮಾರು 9,000 ಮಾತ್ರ ತಯಾರಾದ ಎಂಜಿಸಿ ಕೈಯಲ್ಲಿದ್ದರೆ ಮಾತು ಬೇರೆ. ಲಾಭವೊಂದೇ ಗುರಿಯಾಗಿದ್ದರೆ ಈ ಹಂತದಲ್ಲೇ ಮಾರಿಬಿಡಿ. ಇಲ್ಲವೆಂದಾದರೆ ಕಾರು ಓಡುವವರೆಗೆ ಮಾರಾಟದ ಮಾತನ್ನು ಮತ್ತೆ ಎತ್ತಬೇಡಿ.

ಸಿಲ್: ಅವಸರಪಡಬಾರದ ಜಾಗ

ಈ ಕಾರಿಗೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಚಾಸಿ. ರೋಡ್‌ಸ್ಟರಿನಲ್ಲಿ ತಲೆಯ ಮೇಲೆ ಉಕ್ಕಿನ ಚಾವಣಿಯೂ ಇಲ್ಲದಿರುವುದರಿಂದ, ಕಾರಿನ ಮುಂಭಾಗ ಮತ್ತು ಹಿಂಭಾಗಗಳನ್ನು ಬಾಗದಂತೆ ಹಿಡಿದಿಡುವ ಹೊರೆಯ ಬಹುಪಾಲು ಈ ಎರಡು ಸಿಲ್‌ಗಳ ಮೇಲೆ ಬೀಳುತ್ತದೆ. ಹೊರಗಿನಿಂದ ಒಂದೇ ತಗಡಿನಂತೆ ಕಂಡರೂ ಒಳಗೆ ಪದರಗಳಿವೆ: ಹೊರ ಸಿಲ್, ನಡುವೆ ನೆಟ್ಟಗೆ ನಿಂತ ತಗಡು, ಒಳ ಸಿಲ್, ಕೆಳಗೆ ಇವನ್ನು ಸೇರಿಸುವ ಪಟ್ಟಿ. ಹೊರ ಸಿಲ್ ಮುಂದಿನ ಮತ್ತು ಹಿಂದಿನ ರೆಕ್ಕೆಗಳ (ಚಕ್ರವನ್ನು ಮುಚ್ಚುವ ಹೊರ ತಗಡುಗಳ) ಒಳಗೂ ಚಾಚಿಕೊಂಡಿದೆ. ಮುಂದಿನ ರೆಕ್ಕೆಯನ್ನು ಬೋಲ್ಟ್ ತೆಗೆದು ಬಿಡಿಸಬಹುದು. ಹಿಂದಿನ ರೆಕ್ಕೆಯ ಕೆಳತುದಿಯನ್ನು ಮಾತ್ರ ಕತ್ತರಿಸಲೇಬೇಕು. ಕಣ್ಣಿಗೆ ಕಾಣುವಷ್ಟನ್ನೇ ಕತ್ತರಿಸಿ ತೇಪೆ ಹಾಕಿದವರ ಕಾರಿನಲ್ಲಿ ತುದಿಗಳ ತುಕ್ಕು ಹಾಗೆಯೇ ಉಳಿದು, ಕೆಲವೇ ಮಳೆಗಾಲಗಳಲ್ಲಿ ಹೊಸ ತಗಡನ್ನೂ ತಿನ್ನುತ್ತದೆ.

ವೆಲ್ಡಿಂಗಿಗೆ ಮುನ್ನ ಬ್ಯಾಟರಿಯ ಸಂಪರ್ಕ ತಪ್ಪಿಸಿ, ಪೆಟ್ರೋಲ್ ಟ್ಯಾಂಕನ್ನು ಕಳಚಿ ಕೆಲಸದ ಜಾಗದಿಂದ ಹೊರಗಿಡಿ. ಖಾಲಿ ಟ್ಯಾಂಕಿನಿಂದ ಅಪಾಯವಿಲ್ಲವೆಂದು ತಿಳಿದವರಿದ್ದಾರೆ. ಒಳಗೆ ಉಳಿದ ಆವಿಯಿಂದಾಗಿ ಅದು ತುಂಬಿದ ಟ್ಯಾಂಕಿಗಿಂತಲೂ ಸುಲಭವಾಗಿ ಸಿಡಿಯಬಲ್ಲದು.

ಇನ್ನು ಮುಖ್ಯ ಕೆಲಸ. ಕಾರನ್ನು ಸಮತಟ್ಟಾದ ನೆಲದ ಮೇಲೆ, ಭಾರ ಸಹಜವಾಗಿ ಬೀಳುವ ಕಡೆಗೆ ಹತ್ತಿರದಲ್ಲಿ, ಅಂದರೆ ಮುಂದೆ ಚಾಸಿ ಕಾಲುಗಳ (ಬಾಡಿಗೇ ಬೆಸೆದ ಉದ್ದ ತೊಲೆಗಳ) ಕೆಳಗೂ ಹಿಂದೆ ಸ್ಪ್ರಿಂಗ್ ಹಿಡಿದಿರುವ ಜಾಗದ ಹತ್ತಿರವೂ ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿ. ಬಾಗಿಲನ್ನು ಕಳಚಬೇಡಿ. ತುಂಬ ಜನ ತಪ್ಪುವುದು ಇಲ್ಲೇ: ಕೈಗೆ ಅಡ್ಡ ಬರುತ್ತದೆಂದು ಬಾಗಿಲನ್ನು ಮೊದಲೇ ತೆಗೆದಿಟ್ಟು, ಎಲ್ಲ ಮುಗಿದ ಮೇಲೆ ತಂದು ಕೂರಿಸಲು ಹೋಗುತ್ತಾರೆ, ಆಗ ಅದು ಮೇಲ್ತುದಿಯಲ್ಲಿ ಕಂಬಕ್ಕೆ ಉಜ್ಜುತ್ತದೆ. ಹಿಂಜ್‌ಗಳ ಸವಕಳಿಯನ್ನು ಮೊದಲು ಸರಿಪಡಿಸಿ, ಬಾಗಿಲು ಮುಚ್ಚಿ, ಅದರ ಸುತ್ತಲಿನ ಸಂದು ಮೇಲಿಂದ ಕೆಳಕ್ಕೆ ಒಂದೇ ಅಗಲ ಬರುವವರೆಗೆ ಸ್ಟ್ಯಾಂಡುಗಳ ಎತ್ತರವನ್ನು ಕೂದಲೆಳೆಯಷ್ಟು ಹೆಚ್ಚು ಕಡಿಮೆ ಮಾಡುತ್ತಾ ಹೋಗಬೇಕು. ಅಳತೆಯನ್ನು ಮೂರು ಕಡೆ ತೆಗೆದು ಪಕ್ಕದ ತಗಡಿನ ಮೇಲೆಯೇ ಗುರುತಿಸಿಡಿ. ಬಾಗಿಲಿನ ಎರಡೂ ಬದಿಯ ಕಂಬಗಳ ನಡುವೆ, ಬಾಗಿಲು ತೆರೆದು ಮುಚ್ಚಲು ಅಡ್ಡಿಯಾಗದಂತೆ ಒಳಗಿನಿಂದ, ಚೌಕಾಕಾರದ ಉಕ್ಕಿನ ಕೊಳವೆಯೊಂದನ್ನು ಬಿಗಿಯಾಗಿ ಅಡ್ಡ ಕೊಟ್ಟ ಮೇಲೆಯೇ ಗ್ರೈಂಡರ್ ಕೈಗೆತ್ತಿಕೊಳ್ಳಬೇಕು. ಕಾರನ್ನು ಕಂಬಿಗೆ ಸಿಕ್ಕಿಸಿ ತಿರುಗಿಸುವ ಚೌಕಟ್ಟು ಇದ್ದವರು ಸಿಲ್ ಕತ್ತರಿಸಿದ ಬಾಡಿಯನ್ನು ಅದರ ಮೇಲೆ ಏರಿಸಿ ತಿರುಚಿಕೊಂಡದ್ದುಂಟು. ಆ ಚೌಕಟ್ಟಿನ ಸರದಿ ಎರಡೂ ಸಿಲ್ ಮುಗಿದ ಮೇಲೆ.

ಒಂದು ಬದಿಯನ್ನು ಪೂರ್ತಿ ಮುಗಿಸದೆ ಇನ್ನೊಂದನ್ನು ಮುಟ್ಟಕೂಡದು. ಹೊಸ ಸಿಲ್ಲನ್ನು ಕ್ಲ್ಯಾಂಪುಗಳಿಂದ ಹಿಡಿಸಿ ಬಾಗಿಲು ಮುಚ್ಚಿ ನೋಡಿ. ಬಾಗಿಲಿನ ಕೆಳಅಂಚಿಗೂ ಸಿಲ್ಲಿನ ಬಾಗಿಗೂ ಹೊಂದಿಕೆ ಇಲ್ಲದಿದ್ದರೆ ತಪ್ಪು ತಗಡಿನದ್ದೇ ಇರಬಹುದು. ಅಗ್ಗದ ಸಿಲ್ಲುಗಳು ತೆಳುವಾಗಿರುತ್ತವೆ, ಬಾಗೂ ಸರಿಯಿರುವುದಿಲ್ಲ. ಅವನ್ನು ಬಡಿದು ಕೂರಿಸುವ ಬದಲು ಅಂಗಡಿಗೆ ಹಿಂದಿರುಗಿಸಿ. ಕೂಡುವ ಅಂಚುಗಳಿಗೆ, ವೆಲ್ಡಿಂಗಿನ ಶಾಖವನ್ನು ತಡೆಯುವ ಸತುವಿನ ಪ್ರೈಮರ್ ಬಳಿದು, ಹೊಸ ತಗಡಿನಲ್ಲಿ ಸುಮಾರು 6 ಮಿಲಿಮೀಟರಿನ ತೂತುಗಳನ್ನು ಕೊರೆದು, ಕಾರ್ಖಾನೆಯ ಸ್ಪಾಟ್ ವೆಲ್ಡುಗಳು ಇದ್ದಷ್ಟೇ ಅಂತರದಲ್ಲಿ ಆ ತೂತುಗಳನ್ನು ತುಂಬುವಂತೆ ವೆಲ್ಡ್ ಹಾಕಬೇಕು. ಈ ತಗಡಿಗೆ 0.6 ಮಿಲಿಮೀಟರಿನ ತಂತಿ ಹಾಕಿದ ಮಿಗ್ ವೆಲ್ಡಿಂಗ್ ಯಂತ್ರ ಸಾಕು. ಮೊದಲು ಅಲ್ಲೊಂದು ಇಲ್ಲೊಂದು ಟ್ಯಾಕ್ (ತಾತ್ಕಾಲಿಕ ಸಣ್ಣ ವೆಲ್ಡ್) ಹಾಕಿ ಬಾಗಿಲನ್ನು ತೆರೆದು ಮುಚ್ಚಿ. ಕೈಬಿಟ್ಟರೆ ತಾನಾಗಿ ಹೋಗಿ ಲಾಕ್ ಕಚ್ಚಿಕೊಳ್ಳುವಂತಿದ್ದು, ಗುರುತಿಟ್ಟ ಮೂರೂ ಅಳತೆಗಳು ಹಾಗೆಯೇ ಇದ್ದರೆ ಮುಂದುವರಿಯಿರಿ. ಇಲ್ಲದಿದ್ದರೆ ಟ್ಯಾಕ್ ಬಿಡಿಸುವುದು ಈಗ ನಿಮಿಷದ ಕೆಲಸ. ಉಳಿದ ವೆಲ್ಡನ್ನು ಒಂದೇ ಕಡೆ ಉದ್ದಕ್ಕೆ ಎಳೆಯದೆ, ಒಂದು ತುದಿಯಲ್ಲಿ ಒಂದಿಷ್ಟು, ಆಮೇಲೆ ಇನ್ನೊಂದು ತುದಿಯಲ್ಲಿ ಒಂದಿಷ್ಟು ಹಾಕಿ, ನಡುನಡುವೆ ಕೈಯಿಟ್ಟು ಮುಟ್ಟುವಷ್ಟು ಆರಲು ಬಿಡಬೇಕು. ನೀರು ಸುರಿದು ತಣಿಸುವ ಆತುರ ಬೇಡ.

ಹೊರ ಸಿಲ್ಲನ್ನು ಮುಚ್ಚುವ ಮುನ್ನ ಒಳಭಾಗದ ಫೋಟೋಗಳನ್ನು ತೆಗೆದಿಡಿ. ಬಣ್ಣದ ಕೆಲಸವೆಲ್ಲ ಮುಗಿದ ಮೇಲೆ ಒಳಗಿನ ಪೊಳ್ಳಿಗೆ ಉದ್ದ ನಳಿಕೆಯಿಂದ ಮೇಣ ಸಿಂಪಡಿಸಿ. ಮೊದಲೇ ಹಾಕಿದರೆ ಮೇಣ ಹೊತ್ತಿಕೊಳ್ಳುತ್ತದೆ, ಅದರ ಮೇಲೆ ಬಣ್ಣವೂ ನಿಲ್ಲುವುದಿಲ್ಲ.

ಹಳೆಯ ಸಿಲ್ಲಿನ ಮೇಲೆಯೇ ಹೊದಿಸುವ ಹೊರಪದರದ ಸಿಲ್ಲುಗಳು ಮಾರುಕಟ್ಟೆಯಲ್ಲಿವೆ. ತುಕ್ಕಿಗೆ ಅಂಗಿ ತೊಡಿಸುವ ಆ ವಸ್ತುವನ್ನು ಯಾರೂ ಕೊಳ್ಳಬಾರದೆಂಬುದು ನನ್ನ ಖಚಿತ ಸಲಹೆ. ಅದಕ್ಕಿಂತಲೂ ಕೆಟ್ಟದ್ದು ಸಿಲ್ಲಿನೊಳಗೆ ಉಬ್ಬುವ ಫೋಮ್ ತುಂಬಿಸುವುದು. ಅದು ನೀರನ್ನು ಹಿಡಿದಿಟ್ಟುಕೊಂಡು ತಗಡನ್ನು ಕೊಳೆಸುತ್ತದೆ, ಮುಂದೆ ಯಾರಾದರೂ ವೆಲ್ಡಿಂಗ್ ಮಾಡಹೋದರೆ ವಿಷದ ಹೊಗೆಯೊಡನೆ ಉರಿಯುತ್ತದೆ. ತುಕ್ಕನ್ನು ಪರಿವರ್ತಿಸುವ ದ್ರಾವಣಗಳು ಮೇಲ್ಮೈಯ ತುಕ್ಕಿಗೆ ಆಗಬಹುದು, ಪದರ ಪದರವಾಗಿ ಎದ್ದ ತಗಡಿಗೆ ಅವುಗಳಿಂದ ಏನೂ ಪ್ರಯೋಜನವಿಲ್ಲ.

ಎಂಜಿನ್, ಬ್ರೇಕ್, ವೈರಿಂಗ್

1798 ಸಿಸಿಯ ಈ ಎಂಜಿನ್ ಗಟ್ಟಿಮುಟ್ಟಾದದ್ದು. ಬಿಸಿಯಾದಾಗಲೂ ಆಯಿಲ್ ಪ್ರೆಷರ್ ನಿಲ್ಲುತ್ತಿದ್ದರೆ, ಹೊಗೆ ಕಾರದಿದ್ದರೆ, ಬಿಚ್ಚುವ ಅಗತ್ಯವಿಲ್ಲ. ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚುವ ಸಂದರ್ಭ ಬಂದರೆ ಸೀಸವಿಲ್ಲದ ಪೆಟ್ರೋಲಿಗೆ ತಾಳುವ ಗಟ್ಟಿ ವಾಲ್ವ್ ಸೀಟುಗಳನ್ನು ಹಾಕಿಸಿ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ಹಳೆಯ ರಬ್ಬರನ್ನು ಹಾಳುಮಾಡುವುದರಿಂದ ಇಂಧನದ ಹೋಸುಗಳನ್ನೆಲ್ಲ ಬದಲಿಸಿ. ಬ್ರೇಕಿನ ಹೋಸುಗಳು ನೋಡಲು ಚೆನ್ನಾಗಿದ್ದರೂ ಒಳಗೆ ಉಬ್ಬಿರುತ್ತವೆ, ಅವನ್ನೂ ಬದಲಿಸಿ. ಹಳೆಯ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದಾದ್ದರಿಂದ ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. 1967ರವರೆಗಿನ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯೇ ಬಾಡಿಗೆ ಕೂಡಿರುತ್ತದೆ. ಇದನ್ನು ನೋಡದೆ ಎಲೆಕ್ಟ್ರಾನಿಕ್ ಇಗ್ನಿಷನ್ ಜೋಡಿಸಿದರೆ ಅದು ಆ ಕ್ಷಣವೇ ಸುಟ್ಟುಹೋಗಬಹುದು.

ಬಣ್ಣ

ಪುಟ್ಟಿ ತೆಳುವಾಗಿರಲಿ, ಉಜ್ಜುವ ಕೆಲಸ ದೀರ್ಘವಾಗಿರಲಿ. ಎರಡು ದ್ರಾವಣ ಬೆರೆಸಿ ಹೊಡೆಯುವ ಬಣ್ಣದಲ್ಲಿ ಉಸಿರಾಟಕ್ಕೆ ಅಪಾಯಕಾರಿಯಾದ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ, ಅದಕ್ಕೆ ಸಾಮಾನ್ಯ ಮುಖಗವಸು ಸಾಲದು. ಹೊರಗಿನ ಶುದ್ಧ ಗಾಳಿ ಒದಗಿಸುವ ಮುಖವಾಡ ಇಲ್ಲದವರು ಈ ಕೆಲಸವನ್ನು ಬಣ್ಣದವರಿಗೇ ಬಿಡಬೇಕು. ಬಣ್ಣ ಯಾವುದೆಂಬ ಪ್ರಶ್ನೆಗೆ ನನ್ನ ಉತ್ತರ ಒಂದೇ: ಕಾರ್ಖಾನೆಯಿಂದ ಹೊರಟಾಗ ಯಾವುದಿತ್ತೋ ಅದು. ಓಲ್ಡ್ ಇಂಗ್ಲಿಷ್ ವೈಟ್ ಅಥವಾ ಐರಿಸ್ ಬ್ಲೂ ಬಣ್ಣದಲ್ಲಿ ಹುಟ್ಟಿದ ಕಾರನ್ನು, ಸ್ಪೋರ್ಟ್ಸ್ ಕಾರೆಂದರೆ ಕೆಂಪು ಎಂಬ ನಂಬಿಕೆಯಿಂದ ಕೆಂಪು ಮಾಡುವವರು, ಮಾರುವ ದಿನ ಅದಕ್ಕೊಂದು ಸಮಜಾಯಿಷಿ ಹುಡುಕಬೇಕಾಗುತ್ತದೆ. ಮೂಲ ಬಣ್ಣ, ತಯಾರಾದ ದಿನ, ಎಂಜಿನ್ ಸಂಖ್ಯೆ ಇವುಗಳನ್ನು ಹಳೆಯ ದಾಖಲೆಗಳಿಂದ ತೆಗೆದು ಪ್ರಮಾಣಪತ್ರ ಕೊಡುವ ವ್ಯವಸ್ಥೆ ಇಂಗ್ಲೆಂಡಿನ ಗೇಡನ್ನಿನ ಬ್ರಿಟಿಷ್ ಮೋಟಾರ್ ಮ್ಯೂಸಿಯಮ್ಮಿನಲ್ಲಿದೆ. ಬಣ್ಣದ ಡಬ್ಬಿ ತೆರೆಯುವ ಮುನ್ನವೇ ಅದನ್ನು ತರಿಸಿಕೊಳ್ಳಿ.

ಇಟ್ಟುಕೊಳ್ಳುವುದೋ, ಮಾರುವುದೋ

ಎರಡನೆಯ ತೀರ್ಮಾನ ಕಾರು ಸಾವಿರ ಕಿಲೋಮೀಟರ್ ಓಡಿದ ಮೇಲಿನದು. ಹೊಸ ಬಣ್ಣ ಆರುವುದರೊಳಗೆ ಮಾರಿದವರು ಕೆಲಸದ ಕಷ್ಟದ ಅರ್ಧವನ್ನು ಮಾತ್ರ ಮುಗಿಸಿರುತ್ತಾರೆ: ಸಡಿಲವಾಗುವ ನಟ್ಟುಗಳು, ಹನಿಯುವ ಸೀಲುಗಳು, ಬಿಸಿಯಾದಾಗ ತಡವರಿಸುವ ಕಾರ್ಬ್ಯುರೇಟರು ಇವೆಲ್ಲ ಓಡಿಸಿದಾಗಲೇ ಹೊರಬರುವುದು. ಅವನ್ನು ಸರಿಪಡಿಸದ ಕಾರನ್ನು ಕೊಳ್ಳುವವನು ಮೊದಲ ಸುತ್ತಿನಲ್ಲೇ ಬೆಲೆ ಇಳಿಸುತ್ತಾನೆ. ಮಾರದಿದ್ದವರಿಗೂ ಈ ಓಟ ಬೇಕು, ಏಕೆಂದರೆ ಕಾರು ಕಟ್ಟುವುದನ್ನು ಇಷ್ಟಪಡುವವರೆಲ್ಲ ಅದನ್ನು ಓಡಿಸುವುದನ್ನೂ ಇಷ್ಟಪಡುತ್ತಾರೆಂದೇನಿಲ್ಲ. ಭಾರದ ಸ್ಟೀರಿಂಗ್, ಗಾಳಿಯ ಸದ್ದು, ಒಳಗೆ ತುಂಬುವ ಎಂಜಿನ್ ಶಾಖ ಇವು ಕೆಲವರಿಗೆ ಒಂದೇ ವಾರದಲ್ಲಿ ಸಾಕೆನಿಸುತ್ತವೆ.

ಒಣಗಿದ, ಗಾಳಿಯಾಡುವ, ಸೂರಿನಡಿಯ ಜಾಗ ನಿಮಗಿದೆಯೇ, ತಿಂಗಳಿಗೆ ಒಮ್ಮೆಯಾದರೂ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸುತ್ತೀರಾ ಎಂದು ಕೇಳಿಕೊಳ್ಳಿ. ಎರಡಕ್ಕೂ ಹೌದೆಂದರೆ ಇಟ್ಟುಕೊಳ್ಳಿ. ಒಂದಕ್ಕೆ ಇಲ್ಲವೆಂದರೂ ಮಾರುವುದೇ ಮೇಲು, ಏಕೆಂದರೆ ಒದ್ದೆ ಜಾಗದಲ್ಲಿ ಹೊದಿಕೆ ಮುಚ್ಚಿ ನಿಲ್ಲಿಸಿದ ಕಾರಿನಲ್ಲಿ ತೇವ ಒಳಗೇ ಉಳಿದು, ಪೆಟ್ರೋಲ್ ಹಳಸಿ, ಬ್ರೇಕ್ ಹಿಡಿದುಕೊಂಡು, ಮಾಡಿದ ಕೆಲಸವೆಲ್ಲ ಹಿಂದಕ್ಕೆ ಹೋಗುತ್ತದೆ. ಬೆಲೆ ಏರಲಿ ಎಂದು ಸುಮ್ಮನೆ ಕಾಯುವುದನ್ನು ಈ ಮಾದರಿಯಲ್ಲಿ ನಾನು ಯಾರಿಗೂ ಹೇಳುವುದಿಲ್ಲ.

ಮಾರುವುದಾದರೆ ಜಾಹೀರಾತಿನಲ್ಲಿ ಹೊಳೆಯುವ ಬಾನೆಟ್ಟಿಗಿಂತ ಮೊದಲು ಸಿಲ್ಲಿನ ಒಳಭಾಗದ ಫೋಟೋಗಳನ್ನು ತೋರಿಸಿ. ತಿಳಿದ ಕೊಳ್ಳುಗ ಹುಡುಕುವುದೇ ಅದನ್ನು. ಎಲ್ಲಿ ಹೊಸ ತಗಡು ಹಾಕಿದೆ, ಯಾವುದನ್ನು ಮುಟ್ಟಿಲ್ಲ, ಎಂಜಿನ್ ಮೂಲದ್ದೋ ಬದಲಾದದ್ದೋ ಎಂಬುದನ್ನು ಬರೆದುಕೊಡಿ. 1964ರವರೆಗಿನ ಕಾರುಗಳ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಶಾಫ್ಟನ್ನು ಹೊರುವ ಮೂರು ಮೇನ್ ಬೇರಿಂಗ್‌ಗಳಿದ್ದು, ಅನಂತರ ಐದಾದವು. ಮೊದಲ ವರ್ಷಗಳ ಕಾರಿನಲ್ಲಿ ಮೂಲ ಎಂಜಿನ್ ಉಳಿದಿದ್ದರೆ ಅದನ್ನು ಹೇಳಲು ಮರೆಯಬೇಡಿ. ರಸೀದಿಗಳು, ಪ್ರಮಾಣಪತ್ರ, ಬದಲಿಸಿ ತೆಗೆದಿಟ್ಟ ಹಳೆಯ ಮೂಲ ಭಾಗಗಳು ಇವೆಲ್ಲ ಕಾರಿನ ಜೊತೆಗೇ ಹೋಗಬೇಕು. ಕಾರು ನೋಡಲು ಬರುವವರಿಗಾಗಿ ಎಂಜಿನ್ನನ್ನು ಮೊದಲೇ ಬಿಸಿ ಮಾಡಿಡಬೇಡಿ; ತಣ್ಣಗಿದ್ದಾಗ ಅದು ಹೇಗೆ ಚಾಲೂ ಆಗುತ್ತದೆಂದು ಅವರೇ ನೋಡಲಿ. ಪರೀಕ್ಷೆಗೆ ಓಡಿಸುವವರ ವಿಮೆಯನ್ನು ವಿಚಾರಿಸಿ, ಹಣ ಖಾತೆಗೆ ಜಮೆಯಾದದ್ದನ್ನು ಖಚಿತಪಡಿಸಿಕೊಂಡ ಮೇಲೆಯೇ ಕಾಗದಪತ್ರಗಳಿಗೆ ಸಹಿ ಹಾಕಿ ಕೀಲಿ ಕೊಡಿ.