ಹಿತ್ತಿಲ ಕೆರೆಗೆ ರೇಟ್ ಸಿಗ್ತದಾ? ನನ್ನ ಅನುಭವ

ಮನೆ ಹಿಂದೆ ಕೆರೆ ಮಾಡಿದ್ರೆ ಮಾರುವಾಗ ನಾಲ್ಕು ಕಾಸು ಜಾಸ್ತಿ ಸಿಗ್ತದಾ ಅಂತ ಕೇಳುವವರಿದ್ದಾರೆ. ನಾನು ಕಾಸರಗೋಡಿನ ಬದಿಯಡ್ಕದ ಹತ್ರ 15 ಸೆಂಟ್ಸಿನ ಮನೆಯನ್ನು ಹೋದ ವರ್ಷ ಕೆರೆ ಸಮೇತ ಕೊಟ್ಟವ, ಹಾಗಾಗಿ ಹೇಳ್ತೇನೆ.

ಮಾಡಿಸಿದ್ದು ಶೋಕಿಗೇ. 20 ಅಡಿ ಉದ್ದ, 15 ಅಡಿ ಅಗಲ, 5 ಅಡಿ ಆಳ, ಬದಿ ಓರೆ, ತುಂಬಿದ್ರೆ 30 ಸಾವಿರ ಲೀಟರ್ ಹತ್ರ. ನಮ್ಮ ಮುರಕಲ್ಲಿನಲ್ಲಿ, ಅಂದ್ರೆ ತೂತು ತೂತಿನ ಕೆಂಪು ಕಲ್ಲಿನಲ್ಲಿ, ನೀರು ನಿಲ್ಲುದಿಲ್ಲ, ಎಷ್ಟು ಮಳೆ ಹೊಯ್ದ್ರೂ ಕುಡಿದು ಬಿಡ್ತದೆ, ಅದಕ್ಕೆ ಸಿಲ್ಪಾಲಿನ್ ಅಂತ ದಪ್ಪ ಪ್ಲಾಸ್ಟಿಕ್ ಶೀಟ್ ಹಾಕಿ ಮನೆ ಮಾಡಿನ ನೀರಿನ ಪೈಪ್ ಅದಕ್ಕೇ ಬಿಟ್ಟೆ. ಅಡಿಗೆ ಹಾಕಿದ ಗೋಣಿ ಸಾಲದೆ ಕಲ್ಲಿನ ಮೊನೆ ತಾಗಿ ಶೀಟ್ ತೂತಾಯ್ತು. ದಿನಾ ನಾಲ್ಕು ಬೆರಳು ನೀರು ಇಳಿಯುದು, ನಾನು ಬಿಸಿಲಿಗೆ ಆರುದು ಅಂತ ಎಣಿಸಿ ಕೂತೆ, ಬಿಸಿಲಿಗೆ ಹೋಗುದು ದಿನಕ್ಕೆ ಅರ್ಧ ಸೆಂಟಿಮೀಟರ್ ಅಷ್ಟೆ ಮಾರಾಯ್ರೆ! ಕಡೆಗೆ ಇಳಿದೂ ಇಳಿದೂ ಒಂದು ಕಡೆ ನಿಂತಿತು, ಆ ಗೆರೆಯ ಸುತ್ತ ಕೈಯಾಡಿಸಿದ್ರೆ ತೂತು ಅಲ್ಲೇ. ನೀರು ಖಾಲಿ ಮಾಡಿ, ಜರಡಿ ಹಿಡಿದ ಮಣ್ಣು ಹಾಸಿ, ಪುನಃ ಶೀಟ್. ನುಸಿಗೆ ಗಪ್ಪಿ ಮೀನು ಬಿಟ್ಟೆ, ಆ ಸಮಸ್ಯೆ ಮುಗೀತು.

ಮಾರ್ಲಿಕ್ಕೆ ಹೊರಟಾಗ ಬ್ರೋಕರ್ ನೋಡಿದ ಕೂಡ್ಲೆ "ಅಣ್ಣಾ, ಮುಕ್ಕಾಲು ಸೆಂಟ್ ಜಾಗ ಹೊಂಡ ಆಯ್ತಲ್ಲಾ, ಮುಚ್ಚಿಸಿ ಬಿಡಿ" ಅಂದ. ಮೊದಲು ಬಂದವರಿಗೆ ಮೂರು ವರ್ಷದ ಮಗು, ಆ ತಾಯಿ ಕೆರೆ ಬದಿಯಲ್ಲಿ ನಿಂತಷ್ಟು ಹೊತ್ತೂ ಮಗುವಿನ ಕೈ ಬಿಡ್ಲಿಲ್ಲ. ಆಮೇಲೆ ಫೋನ್ ಮಾಡಿ ಮಣ್ಣು ತುಂಬಿಸುವ ಖರ್ಚು ಕಳೆದು ರೇಟ್ ಹೇಳಿದ್ರು. ಸುತ್ತ ಬೇಲಿ ಹಾಕದ್ದು ನನ್ನದೇ ತಪ್ಪು.

ಎರಡನೆಯವರು ರಿಟಾಯರ್ಡ್ ಮೇಷ್ಟ್ರು. ಮೀನು, ತಾವರೆ ಯಾವುದನ್ನೂ ನೋಡ್ಲಿಲ್ಲ, ಕೇಳಿದ್ದು ಒಂದೇ, "ಎಪ್ರಿಲ್ ಕಡೆಗೆ ಎಷ್ಟು ನೀರು ಉಂಟು?" ಗುಡ್ಡೆಗೆ ಸುರಂಗ ಕೊರೆದು ನೀರು ತಂದ ಊರಲ್ವಾ ನಮ್ಮದು, ಬೇರೆ ಎಂತ ಕೇಳ್ಲಿಕ್ಕುಂಟು. ಪುಣ್ಯಕ್ಕೆ ಮೊಬೈಲಲ್ಲಿ ತಾರೀಕು ಸಮೇತ ಫೋಟೋ ಇತ್ತು, ಸೊಂಟದವರೆಗೆ ನೀರು. ಅದನ್ನೇ ದೊಡ್ಡದು ಮಾಡಿ ಎರಡು ಸಲ ನೋಡಿದ್ರು. ಕೆರೆಗೆ ಅಂತ ಒಂದು ರುಪಾಯಿ ಜಾಸ್ತಿ ಕೊಡ್ಲಿಲ್ಲ, ಆದ್ರೆ ನಾನು ಹೇಳಿದ ರೇಟಿನಲ್ಲಿ ಚೌಕಾಸಿಯೂ ಮಾಡ್ಲಿಲ್ಲ.

ಶೀಟಿಗೆ, ಜೆಸಿಬಿಗೆ ಹಾಕಿದ ದುಡ್ಡು ಬಂತಾ ಅಂದ್ರೆ ಇಲ್ಲ. ಅಡ್ವಾನ್ಸ್ ಕೊಡುವ ದಿನ ಮೇಷ್ಟ್ರು ಹೇಳಿದ್ದು ಇಷ್ಟೇ, "ಆ ಗಪ್ಪಿಗಳನ್ನು ಮಾತ್ರ ಹಿಡ್ಕೊಂಡು ಹೋಗ್ಬೇಡಿ."