ಮೊದಲು ಪ್ರಶ್ನೆ, ಆಮೇಲೆ ಅತಿಥಿ

ಕೊಪ್ಪಳದ ನಮ್ಮ ಓಣಿಯ ಶಾಲೆಯಲ್ಲಿ ತಿಂಗಳಿಗೆ ಎರಡು ಶನಿವಾರ ಸಂಜೆ ಉಪನ್ಯಾಸ ಇಡುತ್ತೇವೆ. ಬರುವವರೆಲ್ಲ ದೊಡ್ಡವರು. ಹೊಲಿಗೆ ಮಾಡುವ ಹೆಣ್ಣುಮಕ್ಕಳು, ಎಪಿಎಂಸಿ ಹಮಾಲರು, ಆಟೋ ಓಡಿಸುವವರು, ರಿಟೈರ್ ಆದ ಮಾಸ್ತರರು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವರು ಜಾಸ್ತಿ. ಅತಿಥಿಗಳನ್ನು ಹುಡುಕಿ ಕರೆತರುವ ಕೆಲಸ ನನ್ನದು.

ಶುರುವಿನಲ್ಲಿ ನಾನು ಹೆಸರು ನೋಡಿ ಕರೆಯುತ್ತಿದ್ದೆ. ಅಶೋಕನ ಶಾಸನದ ಬಗ್ಗೆ ಮಾತಾಡಲು ದೂರದ ಊರಿನಿಂದ ಒಬ್ಬ ವಿದ್ವಾಂಸರನ್ನು ಕರೆಸಿದ್ದೆವು. ಬರೆದು ತಂದದ್ದನ್ನು ಅವರು ಒಂದೂ ಮುಕ್ಕಾಲು ಗಂಟೆ ಓದಿದರು. ಕೊನೆಗೆ ಕೋಣೆಯಲ್ಲಿ ಉಳಿದವರು ಒಂಬತ್ತು ಜನ. ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದ ಒಬ್ಬ ಅಕ್ಕ, "ಸರ್, ಗವಿಮಠದ ಗುಡ್ಡದಾಗ ಆ ಕಲ್ಲು ನಾ ನೋಡೀನಿ. ಅದರಾಗ ಏನು ಬರದಾರ ಅನ್ನೋದು ಮಾತ್ರ ತಿಳಿಲಿಲ್ಲ" ಅಂದರು.

ಆ ಮಾತು ನನಗೆ ನಾಟಿತು. ತಪ್ಪು ಅತಿಥಿಯದಲ್ಲ. ನಮ್ಮ ಜನಕ್ಕೆ ಏನು ಬೇಕು ಅಂತ ನಾನು ಅವರಿಗೆ ಹೇಳಿಯೇ ಇರಲಿಲ್ಲ. ನನಗೂ ಗೊತ್ತಿರಲಿಲ್ಲ.

ಅವತ್ತಿನಿಂದ ಬಾಗಿಲ ಹತ್ತಿರ ಒಂದು ಡಬ್ಬಿ ಇಟ್ಟೆವು. ತಿಳಿಯಬೇಕಾದ್ದನ್ನು ಚೀಟಿಯಲ್ಲಿ ಬರೆದು ಹಾಕುವುದು. ಬರೆಯಲು ಬಾರದವರು ಹೇಳಿದರೆ ಪಕ್ಕದವರು ಬರೆದುಕೊಡುತ್ತಾರೆ. ತಿಂಗಳ ಕೊನೆಗೆ ಎಲ್ಲರ ಮುಂದೆ ಓದುತ್ತೇವೆ. ಯಾವ ಪ್ರಶ್ನೆಗೆ ಕೈ ಜಾಸ್ತಿ ಏಳುತ್ತವೋ ಅದೇ ಮುಂದಿನ ಉಪನ್ಯಾಸ. ಅದನ್ನು ಬಲ್ಲವರು ಎಲ್ಲಿದ್ದಾರೆ ಅಂತ ಆಮೇಲೆ ಹುಡುಕುತ್ತೇವೆ.

ಮೊದಲು ಎತ್ತಿಕೊಂಡದ್ದು ಆ ಅಕ್ಕನ ಪ್ರಶ್ನೆಯನ್ನೇ. ಇತಿಹಾಸ ಪಾಠ ಮಾಡುವ ಒಬ್ಬ ಮೇಷ್ಟ್ರು ಊರಲ್ಲೇ ಇದ್ದರು. ಅವರು ಕೋಣೆಯಲ್ಲಿ ಬೇಡ, ಕಲ್ಲಿನ ಹತ್ತಿರವೇ ಹೋಗೋಣ ಅಂದರು. ಭಾನುವಾರ ಬೆಳಿಗ್ಗೆ ಗುಡ್ಡ ಹತ್ತಿದೆವು. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ ಅಂತ ಹೇಳಿ, ಒಂದೊಂದೇ ಅಕ್ಷರ ತೋರಿಸಿ ಓದಿದರು. ಶ್ರದ್ಧೆಯಿಂದ ಪ್ರಯತ್ನಿಸಿದರೆ ಸ್ವರ್ಗ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಸಿಗುತ್ತದೆ ಅನ್ನುವ ಮಾತು ಅದರಲ್ಲಿದೆ. ಅದನ್ನು ಕೇಳಿ ಹಮಾಲಿ ಮಾಡುವ ಒಬ್ಬ ಹಿರಿಯರು ಇನ್ನೊಮ್ಮೆ ಓದಿಸಿದರು. "ಅಶೋಕ ಅಂತ ಎಲ್ಲೈತ್ರೀ ಇದರಾಗ?" ಅಂತ ಅಕ್ಕ ಕೇಳಿದರು. ಇಲ್ಲಿರುವುದು ದೇವಾನಾಂಪ್ರಿಯ ಅನ್ನುವ ಬಿರುದು ಮಾತ್ರ. ಆ ಬಿರುದಿನ ಜೊತೆಗೇ ಅಶೋಕ ಅನ್ನುವ ಹೆಸರು ಸಿಕ್ಕಿದ್ದು ಪಕ್ಕದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, 1915ರಲ್ಲಿ. ದೇವಾನಾಂಪ್ರಿಯ ಅಂದರೆ ಅಶೋಕನೇ ಅಂತ ಖಚಿತವಾದದ್ದು ಅದರಿಂದ. ಬಿಸಿಲು ಏರಿದರೂ ಯಾರೂ ಇಳಿಯಲು ಒಪ್ಪಲಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ಕಡಿದು ಕೊಚ್ಚಿಹೋಯಿತು. ಆ ತಿಂಗಳು ಡಬ್ಬಿ ತುಂಬ ಒಂದೇ ಪ್ರಶ್ನೆ: 33 ಗೇಟುಗಳಲ್ಲಿ ಒಂದು ಹೋದರೆ ಇನ್ನೊಂದನ್ನು ತಂದು ಕೂಡಿಸಲು ಇಷ್ಟು ಕಷ್ಟ ಯಾಕೆ? ನಮ್ಮಲ್ಲಿ ಅರ್ಧಕ್ಕರ್ಧ ಜನರ ಮನೆಯ ಭತ್ತ ಆ ನೀರನ್ನೇ ನಂಬಿದೆ. ಕಾಲುವೆ ಕೆಲಸ ಮಾಡಿ ರಿಟೈರ್ ಆದ ಎಂಜಿನಿಯರ್ ಒಬ್ಬರು ಸಿಕ್ಕರು. ನಾನು ಚೀಟಿಗಳನ್ನೆಲ್ಲ ಅವರ ಮನೆಗೆ ಒಯ್ದು ಕೊಟ್ಟೆ. ಅವರು ಸ್ಲೈಡು ಬಿಟ್ಟು, ಒಂದು ಕಡೆ ಕೊರೆದ ಪ್ಲಾಸ್ಟಿಕ್ ಟಬ್ಬು, ನಾಲ್ಕು ಹಲಗೆ ತಂದರು. ಟಬ್ಬಿಗೆ ನೀರು ತುಂಬಿಸಿ, ಹರಿಯುವ ನೀರಿಗೆ ಅಡ್ಡ ಹಲಗೆ ಇಳಿಸಲು ನಮ್ಮವರಿಗೇ ಹೇಳಿದರು. ಟಬ್ಬಿನ ನೀರೇ ಹಲಗೆಯನ್ನು ಒದೆಯುತ್ತಿತ್ತು. ಅಲ್ಲಿ 60 ಅಡಿ ಅಗಲದ ಗೇಟು. ಇಡೀ ಗೇಟಿನ ಬದಲು ಸ್ಟಾಪ್ ಲಾಗ್ ಅನ್ನುವ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಯಾಕೆ ಇಳಿಸಿದರು ಅನ್ನುವುದು ಎಲ್ಲರಿಗೂ ಕೈಯಿಂದಲೇ ಗೊತ್ತಾಯಿತು.

ಆದ್ದರಿಂದ ಅತಿಥಿಗಳಿಗೆ ನಾನು ತಪ್ಪದೆ ಕೇಳುವುದು ಒಂದೇ. ತೋರಿಸಲು ಏನಾದರೂ ತನ್ನಿ. ಬೀಜ ಆಗಲಿ, ಪಹಣಿ ಆಗಲಿ, ಹಳೆಯ ನಾಣ್ಯ ಆಗಲಿ.

ಕಿನ್ನಾಳದ ಗೊಂಬೆ ಮಾಡುವವರೊಬ್ಬರು "ನಂಗ ಭಾಷಣ ಮಾಡಾಕ ಬರಂಗಿಲ್ರೀ" ಅಂತ ಎರಡು ಸಲ ವಾಪಸ್ ಕಳಿಸಿದರು. ಮೂರನೇ ಸಲ ಹೋಗಿ, "ಮಾತು ಬ್ಯಾಡ್ರಿ ಕಾಕಾ, ಕೆಲಸ ತಗೊಂಡು ಬರ‍್ರಿ" ಅಂದೆ. ಮೈಕು ಇಡಲಿಲ್ಲ, ವೇದಿಕೆಯೂ ಇಲ್ಲ. ಜಮಖಾನೆ ಮೇಲೆ ಅವರು ಕೂತರು, ಸುತ್ತ ನಾವು ಕೂತೆವು. ಹಗುರ ಕಟ್ಟಿಗೆ ಯಾವುದು, ಹುಣಸೆ ಬೀಜದ ಅಂಟು ಹೇಗೆ ಮಾಡುತ್ತಾರೆ ಅಂತ ಒಬ್ಬೊಬ್ಬರೇ ಕೇಳುತ್ತ ಹೋದರು. ಕಾಕಾ ಎರಡು ಗಂಟೆ ಮಾತಾಡಿದರು. ಇಂಥವರನ್ನು ಉಪನ್ಯಾಸಕರು ಅಂತ ಕರೆಯಲು ಹಿಂಜರಿಯಬಾರದು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಇನ್ನು ಸಣ್ಣಪುಟ್ಟ ವಿಷಯಗಳು. ಕರೆಯುವುದನ್ನು ಫೋನಿನಲ್ಲಿ ಮುಗಿಸುವುದಿಲ್ಲ, ಒಮ್ಮೆ ಮನೆಗೆ ಹೋಗುತ್ತೇನೆ. ಮಾತು ನಲವತ್ತು ನಿಮಿಷ, ಪ್ರಶ್ನೆಗಳಿಗೂ ಅಷ್ಟೇ ಸಮಯ ಅಂತ ಆಗಲೇ ಹೇಳಿಬಿಡುತ್ತೇನೆ. ಶಾಲು, ಹಾರ, ಉದ್ದನೆಯ ಪರಿಚಯ ನಿಲ್ಲಿಸಿದ್ದೇವೆ. ಅದಕ್ಕೇ ಅರ್ಧ ಗಂಟೆ ಹೋಗುತ್ತಿತ್ತು. ಹೋಗಿ ಬರುವ ಖರ್ಚು ಮಾತ್ರ ಕೇಳದೆಯೇ ಲಕೋಟೆಯಲ್ಲಿ ಕೊಡುತ್ತೇವೆ. ಪ್ರತಿಯೊಬ್ಬರೂ ತಿಂಗಳಿಗೆ ಇಪ್ಪತ್ತು ರೂಪಾಯಿ ಹಾಕಿದ ದುಡ್ಡು ಅದು. ಒಂದು ದಿನದ ಕೆಲಸ ಬಿಟ್ಟು ಬರುವವರಿಗೆ ಆ ದಿನದ ಕೂಲಿಯೂ ಸೇರಬೇಕು. ಕೊಯ್ಲು ನಡೆಯುವಾಗ ಮತ್ತು ಗವಿಮಠದ ಜಾತ್ರೆ ದಿನಗಳಲ್ಲಿ ಉಪನ್ಯಾಸ ಇಡುವುದಿಲ್ಲ.

ಒಮ್ಮೆ ಅತಿಥಿಗೆ ಕೊನೇ ಗಳಿಗೆಯಲ್ಲಿ ಬರಲಾಗಲಿಲ್ಲ. ಐವತ್ತು ಜನ ಕೂತಿದ್ದರು. ಹಿಂದೆ ಕೂತಿದ್ದ, ಮೂವತ್ತು ವರ್ಷ ಅಂಚೆ ಹಂಚಿದ ಒಬ್ಬರನ್ನು ಮುಂದೆ ಕರೆದೆ. ನಮ್ಮ ಓಣಿಯ ಮನೆಗಳಿಗೆ ಯಾವ್ಯಾವ ಊರಿನಿಂದ ಪತ್ರ ಬರುತ್ತಿದ್ದವು, ಯಾವ ಪತ್ರವನ್ನು ತಾವೇ ಓದಿ ಹೇಳಬೇಕಾಗಿತ್ತು ಅಂತ ಹೇಳತೊಡಗಿದರು. ಮುಂದಿನ ಶನಿವಾರವೂ ಅವರೇ ಬರಲಿ ಅಂತ ಡಬ್ಬಿಯಲ್ಲಿ ಹನ್ನೊಂದು ಚೀಟಿ ಬಿದ್ದಿದ್ದವು.